ಎಂಜಿನ್ ಕೆಲಸ ಮಾಡಿಸಿದ ಮೇಲೂ ಲಾರಿಯಲ್ಲಿ ದಿನಾ ಎರಡು ಲೀಟರ್ ನೀರು ಕಡಿಮೆಯಾಗುತ್ತಿದೆ. ಹೆಡ್ ಮತ್ತೆ ಇಳಿಸಬೇಕೇ?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಕಡೆಯ ಲಾರಿ, 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ 6ಬಿಟಿ ಎಂಜಿನ್. ಸಿಲಿಂಡರ್ ಬೋರ್ ಮಾಡಿಸಿ ಪಿಸ್ಟನ್, ರಿಂಗ್, ಬೇರಿಂಗ್ ಹೊಸದಾಗಿ ಹಾಕಿಸಿ 600 ಕಿಲೋಮೀಟರ್ ಓಡಿದೆ. ದಿನಕ್ಕೆ ಸುಮಾರು ಎರಡು ಲೀಟರ್ ಕೂಲೆಂಟ್ ಇಳಿಯುತ್ತಿದೆ, ನೆಲದ ಮೇಲೆ ಹನಿ ಬಿದ್ದದ್ದು ಕಾಣುತ್ತಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಿದೆ, ಹಾಗಾಗಿ ಹೆಡ್ ಗ್ಯಾಸ್ಕೆಟ್ಟೇ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ.

ಹೆಡ್ ಈಗಲೇ ಇಳಿಸಬೇಡಿ. ನೀರು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಗೊತ್ತಾಗುವ ಮೊದಲೇ ಹೆಡ್ ಬಿಚ್ಚಿದರೆ ಇದ್ದ ಗುರುತೂ ಅಳಿಸಿಹೋಗುತ್ತದೆ. ಗುಳ್ಳೆ ಬಂದ ಮಾತ್ರಕ್ಕೆ ಗ್ಯಾಸ್ಕೆಟ್ ಹೋಗಿದೆ ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಕೆಳಗೆ ವಿವರವಾಗಿ ಬರೆದಿದ್ದೇನೆ.

ಮೊದಲು ಸುಲಭದ ಎರಡು ಅನುಮಾನ ಕಳೆದುಕೊಳ್ಳಿ. ಎಂಜಿನ್ ಕಟ್ಟಿದ ಮೇಲೆ ಮೊದಲ ಒಂದೆರಡು ದಿನ ನೀರು ಇಳಿಯುವುದು ಸಹಜ. ಬ್ಲಾಕ್, ಹೆಡ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಂದು ಆ ಜಾಗಕ್ಕೆ ನೀರು ಹೋಗುತ್ತದೆ. ಆದರೆ 600 ಕಿಲೋಮೀಟರ್ ಆದಮೇಲೂ ಇಳಿಯುತ್ತಿದ್ದರೆ ಅದು ಗಾಳಿಯ ಲೆಕ್ಕವಲ್ಲ. ಎರಡನೆಯದು ರೇಡಿಯೇಟರ್ ಮುಚ್ಚಳ. ಇಡೀ ಎಂಜಿನ್ ಹೊಸದು ಮಾಡಿಸಿ ಮುಚ್ಚಳ ಮಾತ್ರ ಹಳೆಯದೇ ಹಾಕಿರುತ್ತಾರೆ. 0.7 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಿದ್ದರೆ ಒಳಗಿನ ನೀರು ಕುದಿಯಲು ಸುಮಾರು 115 ಡಿಗ್ರಿ ಬೇಕು. ರಬ್ಬರ್ ಸತ್ತು ಒತ್ತಡ ಹಿಡಿಯದೆ ಹೋದರೆ ನಮ್ಮ ಘಟ್ಟದ ಮೇಲಿನ ಎತ್ತರದಲ್ಲಿ 98 ಡಿಗ್ರಿಗೇ ಕುದಿ ಬರುತ್ತದೆ. ಕುಂದಾಪುರ ಕಡೆಯಿಂದ ಲೋಡ್ ಹೊತ್ತು ಹುಲಿಕಲ್ ಘಾಟಿ ಹತ್ತುವಾಗ ಓವರ್‌ಫ್ಲೋ ಪೈಪಿನಿಂದ ನೀರು ದಾರಿಯುದ್ದಕ್ಕೂ ಚೆಲ್ಲಿ, ಮನೆಗೆ ಬಂದು ನಿಂತಾಗ ನೆಲದಲ್ಲಿ ಒಂದು ಹನಿಯೂ ಇರುವುದಿಲ್ಲ. ಮುಚ್ಚಳದ ಮೇಲೆ ಬರೆದಿರುವ ಒತ್ತಡ ನೋಡಿ ಅದೇ ಅಳತೆಯದು ಹೊಸದು ಹಾಕಿ. ಖರ್ಚು ತೀರಾ ಕಡಿಮೆ.

ಇನ್ನು ಪ್ರೆಶರ್ ಟೆಸ್ಟ್. ರೇಡಿಯೇಟರ್ ಬಾಯಿಗೆ ಕೂರುವ ಕೈಪಂಪು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ರೇಡಿಯೇಟರ್ ಕೆಲಸದವರ ಹತ್ತಿರ ವಿಚಾರಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳದ ಒತ್ತಡದಷ್ಟೇ ಗಾಳಿ ಹೊಡೆದು 15 ನಿಮಿಷ ಬಿಡಿ. ಅದಕ್ಕಿಂತ ಜಾಸ್ತಿ ಹೊಡೆದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ. ಪಂಪಿನ ಮೀಟರಿನ ಮುಳ್ಳು ಇಳಿದರೆ ಸೋರಿಕೆ ಇದೆ ಎಂದರ್ಥ. ಮಳೆಗಾಲದಲ್ಲಿ ಲಾರಿ ಸದಾ ತೊಯ್ದಿರುವುದರಿಂದ ಟೆಸ್ಟಿಗೆ ಮೊದಲು ಎಂಜಿನ್ ತೊಳೆದು, ಗಾಳಿ ಹೊಡೆದು ಒಣಗಿಸಿ. ಅನುಮಾನದ ಜಾಗಕ್ಕೆ ಮೈಗೆ ಹಾಕುವ ಪೌಡರ್ ಉದುರಿಸಿದರೆ ಒಂದು ಹನಿ ಬಂದರೂ ಗೆರೆ ಕಾಣುತ್ತದೆ.

ನೋಡಬೇಕಾದ ಜಾಗಗಳು: ವಾಟರ್ ಬಾಡಿಯ (ನೀರು ತಿರುಗಿಸುವ ಪಂಪಿನ) ಕೆಳಗಿನ ಸಣ್ಣ ತೂತು (ಅಲ್ಲಿ ಹಸಿರೋ ಗುಲಾಬಿಯೋ ಬಣ್ಣದ ಒಣಗಿದ ಕಲೆಯ ಜೊತೆ ಹಸಿಯೂ ಇದ್ದರೆ ಸೀಲ್ ಹೋಗಿದೆ), ವಾಟರ್ ಬಾಡಿ ಬ್ಲಾಕಿಗೆ ಕೂರುವಲ್ಲಿನ ರಬ್ಬರ್ ರಿಂಗ್, ಥರ್ಮೋಸ್ಟಾಟ್ ಹೌಸಿಂಗ್, ಆಯಿಲ್ ಕೂಲರ್ ಕವರಿನ ಅಂಚು. ಹೋಸ್ ಪೈಪ್ ಕೂರುವ ಬಾಯಿಗಳಲ್ಲಿ ತುಕ್ಕು ಇದ್ದರೆ ಕ್ಲಿಪ್ ಎಷ್ಟು ಬಿಗಿದರೂ ನಿಲ್ಲದು, ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ಬಂದ ಮೇಲೆ ಹೋಸ್ ಹಾಕಬೇಕು. ಬ್ಲಾಕಿನ ಪಕ್ಕದಲ್ಲಿ ಬಟ್ಟಲಿನಾಕಾರದ ಕಪ್ ಪ್ಲಗ್‌ಗಳಿವೆ. ಬ್ಲಾಕನ್ನು ಕೆಮಿಕಲ್ ತೊಟ್ಟಿಯಲ್ಲಿ ಮುಳುಗಿಸಿ ತೊಳೆದಾಗ ಅದುವರೆಗೆ ತೂತು ಮುಚ್ಚಿದ್ದ ತುಕ್ಕು ಕರಗಿ ಹಳೆಯ ಪ್ಲಗ್ ಸೋರಲು ಶುರುವಾಗುತ್ತದೆ. ಎಂಜಿನ್ ಬಿಚ್ಚಿದ್ದಾಗಲೇ ಅವೆಲ್ಲವನ್ನೂ ಬದಲಿಸಬೇಕಿತ್ತು, ಬದಲಿಸಿದ್ದಾರೆಯೇ ಎಂದು ಕೇಳಿ. ಹಿಂಭಾಗದಿಂದ ಸೋರಿದರೆ ನೀರು ಫ್ಲೈವೀಲ್ ಹೌಸಿಂಗಿನ ತಳದಿಂದ ಇಳಿಯುತ್ತದೆ, ನೋಡುವವರು ಅದನ್ನು ಕ್ರ್ಯಾಂಕ್ ಸೀಲಿನ ಆಯಿಲ್ ಎಂದುಕೊಳ್ಳುತ್ತಾರೆ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ.

ತಣ್ಣಗೆ ಟೆಸ್ಟ್ ಮಾಡಿದಾಗ ಏನೂ ಸಿಗದಿದ್ದರೆ ಎಂಜಿನ್ ಬಿಸಿ ಮಾಡಿ, ಒಂದು ತಾಸು ಬಿಟ್ಟು ಮುಚ್ಚಳವನ್ನು ಬಟ್ಟೆ ಹಿಡಿದು ಮೆಲ್ಲನೆ ತೆಗೆದು ಮತ್ತೆ ಟೆಸ್ಟ್ ಮಾಡಿ. ಕೆಲವು ಸೋರಿಕೆ ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ.

ಹೊರಗೆ ಎಲ್ಲೂ ಇಲ್ಲವೆಂದಾದರೆ ನೀರು ಒಳಗೆ ಹೋಗುತ್ತಿದೆ. ಹಾಗಾದರೆ ಮೊದಲು ಆಯಿಲ್ ನೋಡಿ, ಯಾಕೆಂದರೆ ನೀರು ಆಯಿಲಿಗೆ ಹೋಗುತ್ತಿದ್ದರೆ ಲಾರಿಯನ್ನು ಇನ್ನೊಂದು ಕಿಲೋಮೀಟರ್ ಕೂಡ ಓಡಿಸುವಂತಿಲ್ಲ. ಕೂಲೆಂಟಿನ ಗ್ಲೈಕಾಲ್ ಆಯಿಲ್ ಜೊತೆ ಬೆರೆತು ಆಮ್ಲವೂ ಅಂಟು ಕೆಸರೂ ಆಗುತ್ತದೆ, ನೀವು ಹೊಸದಾಗಿ ಹಾಕಿಸಿದ ಬೇರಿಂಗನ್ನು ತಿಂದುಹಾಕುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಂಡ ಕೂಡಲೇ ಹೆದರಬೇಡಿ. ಮಲೆನಾಡಿನ ಜುಲೈ ತಿಂಗಳ ಥಂಡಿಯಲ್ಲಿ, ಸ್ವಲ್ಪ ದೂರ ಓಡಿ ನಿಲ್ಲುವ ಗಾಡಿಗಳಲ್ಲಿ ಬರೀ ಗಾಳಿಯ ತೇವದಿಂದಲೂ ಅದು ಬರುತ್ತದೆ. ನಂಬಬೇಕಾದ್ದು ಚೇಂಬರಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ತಳವನ್ನು.

ಹೀಗೆ ಮಾಡಿ. ಲಾರಿ ರಾತ್ರಿಯಿಡೀ ಸಮತಟ್ಟು ಜಾಗದಲ್ಲಿ ನಿಂತಿರಲಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಚೇಂಬರಿನ ಡ್ರೈನ್ ಬೋಲ್ಟನ್ನು ಪಾನಾದಲ್ಲಿ ಸಡಿಲಿಸಿ, ಆಮೇಲೆ ಬೆರಳಿನಲ್ಲಿ ಒಳಕ್ಕೆ ಒತ್ತಿ ಹಿಡಿದುಕೊಂಡೇ ಮರೆಯ (ಥ್ರೆಡ್ಡಿನ) ಒಂದೊಂದೇ ಸುತ್ತು ತಿರುಗಿಸುತ್ತ ಬನ್ನಿ. ಮೊದಲು ಜಿನುಗುವ ನಾಲ್ಕೈದು ಚಮಚದಷ್ಟನ್ನು ಗಾಜಿನ ಲೋಟದಲ್ಲಿ ಹಿಡಿದು ಬೋಲ್ಟ್ ಬಿಗಿಯಿರಿ. ನೀರು ಆಯಿಲಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಲೋಟವನ್ನು ಬೆಳಕಿಗೆ ಹಿಡಿದು ಓರೆ ಮಾಡಿದರೆ ಕಪ್ಪು ಆಯಿಲ್ ಕೆಳಗೆ ಕೂಲೆಂಟಿನ ಬಣ್ಣದ ಗುಂಡು ಹನಿ ಉರುಳುವುದು ಕಾಣುತ್ತದೆ. ಏನೂ ಕಾಣದಿದ್ದರೆ ಅದೇ ಆಯಿಲಿನ ಒಂದು ಹನಿಯನ್ನು ಕಾದ ಕಬ್ಬಿಣದ ತಗಡಿನ ಮೇಲೆ ಬಿಡಿ, ನೀರಿದ್ದರೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಇನ್ನೊಂದು ಲೆಕ್ಕ: ದಿನಕ್ಕೆ ಎರಡು ಲೀಟರ್ ಆಯಿಲಿಗೇ ಹೋಗುತ್ತಿದ್ದರೆ ಆಯಿಲ್ ಕಡ್ಡಿಯಲ್ಲಿ ಮಟ್ಟ ಎದ್ದು ಕಾಣುವಷ್ಟು ಏರಿರಬೇಕು. ಏರಿಲ್ಲವೆಂದರೆ ನಿಮ್ಮ ನೀರು ಬೇರೆ ಕಡೆ ಹೋಗುತ್ತಿದೆ.

ಆಯಿಲಿನಲ್ಲಿ ನೀರು ಸಿಕ್ಕಿತು, ರೇಡಿಯೇಟರಿನಲ್ಲೂ ಆಯಿಲ್ ತೇಲುತ್ತಿದೆ ಎಂದರೆ ಹೆಡ್ಡಿಗಿಂತ ಮುಂಚೆ ಆಯಿಲ್ ಕೂಲರ್ ಬಿಚ್ಚಿ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ನೀರಿನದಕ್ಕಿಂತ ಹಲವು ಪಟ್ಟು ಹೆಚ್ಚು, ಹಾಗಾಗಿ ಆಯಿಲ್ ನೀರಿಗೆ ನುಗ್ಗುತ್ತದೆ. ನಿಲ್ಲಿಸಿದ ಮೇಲೆ ಆಯಿಲಿನ ಒತ್ತಡ ಸೊನ್ನೆ, ಬಿಸಿ ನೀರಿನ ಒತ್ತಡ ಇನ್ನೂ ಇರುತ್ತದೆ, ಆಗ ನೀರು ಆಯಿಲಿಗೆ ಹೋಗುತ್ತದೆ. 6ಬಿಟಿಯಲ್ಲಿ ಕೂಲರ್ ಬ್ಲಾಕಿನ ಪಕ್ಕದ ನೀರಿನ ಗೂಡಿನೊಳಗೇ ಕೂತಿದೆ. ಎಲಿಮೆಂಟಿಗೆ ಒಂದು ಗ್ಯಾಸ್ಕೆಟ್, ಕವರಿಗೆ ಒಂದು. ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆಯದೆ ಮೇಲೆ ಹೊಸದು ಕೂರಿಸಿದರೆ ಇದೇ ಗತಿ.

ಈಗ ಗುಳ್ಳೆಯ ವಿಷಯಕ್ಕೆ ಬರುತ್ತೇನೆ. ಎಂಜಿನ್ ತಣ್ಣಗಿರುವಾಗ ಬೆಲ್ಟ್ ತೆಗೆದು, ರೇಡಿಯೇಟರನ್ನು ಬಾಯಿಮಟ್ಟ ತುಂಬಿಸಿ ಸ್ಟಾರ್ಟ್ ಮಾಡಿ. ವಾಟರ್ ಬಾಡಿ ತಿರುಗದ ಕಾರಣ ನೀರು ನಿಶ್ಚಲವಾಗಿರುತ್ತದೆ, ಗುಳ್ಳೆ ಬಂದರೆ ಸ್ಪಷ್ಟ ಕಾಣುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಗುಳ್ಳೆ ಬಂದಾಗ ಎಲ್ಲರೂ ಹೆಡ್ ಗ್ಯಾಸ್ಕೆಟ್ ಎನ್ನುತ್ತಾರೆ. ಆದರೆ ನಿಮ್ಮ ಎಂಜಿನ್ನಿನ ಪಕ್ಕದಲ್ಲೇ ಏರ್ ಬ್ರೇಕಿನ ಕಂಪ್ರೆಸರ್ ಇದೆ, ಅದರ ಹೆಡ್ಡಿನಲ್ಲೂ ಇದೇ ಕೂಲೆಂಟ್ ಓಡುತ್ತದೆ. ಕಂಪ್ರೆಸರ್ ಹೆಡ್ಡಿನ ಗ್ಯಾಸ್ಕೆಟ್ ಹೋದರೂ ರೇಡಿಯೇಟರಿನಲ್ಲಿ ಹೀಗೆಯೇ ಗುಳ್ಳೆ ಏಳುತ್ತದೆ, ನೀರನ್ನು ಹೀಗೆಯೇ ಹೊರಕ್ಕೆ ತಳ್ಳುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ: ಕಂಪ್ರೆಸರಿನಿಂದ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪ್ ಬಿಚ್ಚಿ ಗಾಳಿಯನ್ನು ಹೊರಗೆ ಬಿಡಿ. ಒತ್ತಡವೇ ಕಟ್ಟುವುದಿಲ್ಲವಾದ್ದರಿಂದ ಗುಳ್ಳೆ ನಿಂತರೆ ತಪ್ಪು ಕಂಪ್ರೆಸರಿನದು. ಗುಳ್ಳೆ ಹಾಗೇ ಬರುತ್ತಿದ್ದರೆ ಎಂಜಿನ್ನಿನದು. ಗಾಳಿ ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದಾಗ ಬರುವ ನೀರಿನಲ್ಲಿ ಕೂಲೆಂಟಿನ ಬಣ್ಣ ಇದೆಯೇ ಎಂದೂ ನೋಡಿ. ಬಣ್ಣ ಇದ್ದರೆ ಕಾಣದಂತೆ ಹೋಗುತ್ತಿದ್ದ ನಿಮ್ಮ ಎರಡು ಲೀಟರ್ ಸಿಕ್ಕಿತು, ಮತ್ತು ಘಾಟಿ ಇಳಿಯುವ ಲಾರಿಯ ಬ್ರೇಕ್ ವಾಲ್ವ್‌ಗಳಿಗೆ ಆ ನೀರು ತೀರಾ ಅಪಾಯ, ಅದನ್ನು ರಿಪೇರಿ ಮಾಡದೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಇದನ್ನು ಮಾಡದೆ ಹೆಡ್ ಇಳಿಸುವವರಿಗೆ ಗಾಡಿ ಕೊಡಬೇಡಿ ಎಂದೇ ನಾನು ಹೇಳುತ್ತೇನೆ.

ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ, ಹಾಗಾಗಿ ಸಿಲಿಂಡರಿಗೆ ನೀರು ಹೋಗುತ್ತಿಲ್ಲ ಎಂಬ ವಾದವನ್ನೂ ನಂಬಬೇಡಿ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊಗೆಯಲ್ಲೇ ಹೋಗುತ್ತದೆ. ದಿನಕ್ಕೆ 25 ಲೀಟರ್ ಡೀಸೆಲ್ ಕುಡಿಯುವ ಲಾರಿಯಲ್ಲಿ ಆ 25ರ ಜೊತೆ ಇನ್ನೆರಡು ಸೇರಿದರೆ ಬಿಸಿ ಎಂಜಿನ್ನಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಖಚಿತವಾಗಬೇಕೆಂದರೆ ಸಂಜೆ ಬಿಸಿ ಎಂಜಿನ್ನಿಗೆ ಒತ್ತಡ ಹಾಕಿ ರಾತ್ರಿ ಬಿಡಿ, ಬೆಳಗ್ಗೆ ಆರೂ ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್) ತೆಗೆದು ಸ್ಟಾರ್ಟರಿನಲ್ಲಿ ತಿರುಗಿಸಿ. ನೀರು ಇಳಿದ ಸಿಲಿಂಡರಿನ ತೂತಿನಿಂದ ಮಂಜಿನಂತೆ ಚಿಮ್ಮುತ್ತದೆ, ಮುಖ ದೂರ ಇಟ್ಟುಕೊಳ್ಳಿ. ನಾಜಲ್ ತೆಗೆಯದೆ ತಿರುಗಿಸುವುದು ಬೇಡವೇ ಬೇಡ. ನೀರು ಕುಗ್ಗುವುದಿಲ್ಲ, ಪಿಸ್ಟನ್ ಮೇಲೆ ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ದಾರಿ ಹೆಡ್ಡಿಗೇ ಬಂದರೆ ಇಳಿಸಿ. ಆದರೆ ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಂಡು ಕೂರಿಸುವ ಅವಸರ ಬೇಡ, ಹಳೆಯ ಗ್ಯಾಸ್ಕೆಟ್ ಯಾಕೆ ಹೋಯಿತು ಎಂದು ಹುಡುಕಿ. ಅದರ ಬೆಂಕಿ ಉಂಗುರ (ಸಿಲಿಂಡರ್ ಬಾಯಿಯ ಸುತ್ತ ಕೂರುವ ಲೋಹದ ಅಂಚು) ಎಲ್ಲಿ ಕಪ್ಪಾಗಿದೆ, ಅಲ್ಲಿ ಹೆಡ್ ಮತ್ತು ಬ್ಲಾಕ್ ಎರಡರ ಮೇಲೂ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿ. ಉಂಗುರ ಕೂರುವ ಜಾಗದಲ್ಲಿ 0.05 ಮಿಲಿಮೀಟರ್ ಎಲೆ ತೂರಿದರೆ ಮೈ ಹೊಡೆಸಬೇಕು (ಮೆಷಿನ್ನಿನಲ್ಲಿ ಮೇಲ್ಮೈ ಸಮ ಮಾಡಿಸಬೇಕು). ಹೆಡ್ಡಿನ ಬಿರುಕು ನೋಡುವ ಪರೀಕ್ಷೆ ಬಿಸಿ ನೀರಿನ ತೊಟ್ಟಿಯಲ್ಲೇ ಆಗಲಿ, ವಾಲ್ವ್‌ಗಳ ನಡುವಿನ ಬಿರುಕು ತಣ್ಣೀರಿನಲ್ಲಿ ಮುಚ್ಚಿಕೊಂಡಿರುತ್ತದೆ. ಬ್ಲಾಕಿನ ಮೇಲ್ಮೈ ಹೊಡೆಸಿದ್ದರೆ ಮಾಮೂಲಿ ಗ್ಯಾಸ್ಕೆಟ್ ಬೇಡ, 0.25 ಅಥವಾ 0.50 ಮಿಲಿಮೀಟರ್ ದಪ್ಪ ಹೆಚ್ಚಿರುವುದು ಬೇಕು. 6ಬಿಟಿಗೆ ಕಂಪನಿಯಿಂದ ಲೈನರ್ (ಸಿಲಿಂಡರಿನೊಳಗೆ ಕೂರುವ ಬೇರೆ ಕೊಳವೆ) ಬರುವುದಿಲ್ಲ. ಬೋರ್ ಮಾಡಿಸುವಾಗ ಸ್ಲೀವ್ (ಅಂಥದೇ ಕೊಳವೆ) ಹೊಡೆಸಿದ್ದಾರೆಯೇ ಕೇಳಿ. ಬ್ಲಾಕಿನ ಗೋಡೆಯಲ್ಲಿ ತುಕ್ಕಿನ ತೂತಿದ್ದರೆ ಸ್ಲೀವಿನ ಬೆನ್ನ ಹಿಂದೆ ನೀರು ಹರಿದು ಕೆಳಗೆ ಚೇಂಬರಿಗೆ ಇಳಿಯುತ್ತದೆ. ಅದಕ್ಕೆ ಗ್ಯಾಸ್ಕೆಟ್ ಬದಲಿಸಿ ಏನೂ ಪ್ರಯೋಜನವಿಲ್ಲ. ಚೇಂಬರ್ ಇಳಿಸಿ, ಒತ್ತಡ ಹಾಕಿ, ಕೆಳಗಿನಿಂದ ಟಾರ್ಚ್ ಹಿಡಿದು ಆರೂ ಬೋರ್ ನೋಡಬೇಕು.

ಬೋಲ್ಟ್ ಬಿಗಿಯುವುದರಲ್ಲೇ ಹೆಚ್ಚು ತಪ್ಪಾಗುವುದು. ಬ್ಲಾಕಿನ ತೂತುಗಳ ತಳದಲ್ಲಿ ಆಯಿಲೋ ನೀರೋ ನಿಂತಿದ್ದರೆ ಬೋಲ್ಟ್ ಅದರ ಮೇಲೆ ಕೂತು ಟಾರ್ಕ್ (ಬಿಗಿಯುವ ಬಲದ ಅಳತೆ) ತೋರಿಸುತ್ತದೆ, ಹೆಡ್ ಮಾತ್ರ ಒತ್ತಿರುವುದಿಲ್ಲ. ಗಾಳಿ ಹೊಡೆದು ಒಣಗಿಸಿ. ಹಳೆಯ ಬೋಲ್ಟನ್ನು ಉದ್ದ ಅಳೆಯದೆ ಮತ್ತೆ ಹಾಕಬೇಡಿ, ಹಿಗ್ಗಿದ ಬೋಲ್ಟ್ ಹಿಡಿಯುವುದಿಲ್ಲ. ಮರೆಗೂ ತಲೆಯ ಕೆಳಗೂ ತೆಳುವಾಗಿ ಎಂಜಿನ್ ಆಯಿಲ್ ಸವರಿ, ನಡುವಿನಿಂದ ಹೊರಕ್ಕೆ ಸುತ್ತುತ್ತ, ಹನ್ನೆರಡು ವಾಲ್ವಿನ 6ಬಿಟಿಯಲ್ಲಿ 26 ಬೋಲ್ಟಿಗೂ ಮೊದಲು 90 ನ್ಯೂಟನ್ ಮೀಟರ್, ಆಮೇಲೆ ಉದ್ದನೆಯ ಆರಕ್ಕೆ ಮಾತ್ರ 120, ಕೊನೆಗೆ ಎಲ್ಲಕ್ಕೂ 90 ಡಿಗ್ರಿ ತಿರುವು. ನಿಮ್ಮ ಎಂಜಿನ್ ಪ್ಲೇಟಿನ ನಂಬರಿಗೆ ಹೊಂದುವ ಮ್ಯಾನುಯಲ್ ಜೊತೆ ತಾಳೆ ನೋಡಿಕೊಳ್ಳಿ. ಕೈ ಅಂದಾಜಿನಲ್ಲಿ, ಪಾನಾಕ್ಕೆ ಪೈಪ್ ಸಿಕ್ಕಿಸಿ ಬಿಗಿಯುವವರ ಹತ್ತಿರ ಈ ಕೆಲಸ ಬೇಡ.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದು ರೇಡಿಯೇಟರಿನ ಸಣ್ಣ ತೂತಿಗೆ ಹಾಕಿಕೊಂಡು ಊರು ಸೇರುವವರ ಉಪಾಯ ಅದು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಹಾಕಿದರೆ ಆಯಿಲ್ ಕೂಲರಿನ ಸಂದಿ, ಕಂಪ್ರೆಸರಿನ ಸಣ್ಣ ಪೈಪು, ರೇಡಿಯೇಟರ್ ಟ್ಯೂಬು ಎಲ್ಲದರಲ್ಲೂ ಕೆಸರಾಗಿ ಕೂರುತ್ತದೆ.

ತುಂಬಿಸುವಾಗ ಹಳ್ಳದ ನೀರಾಗಲಿ ಬೋರ್‌ವೆಲ್ ನೀರಾಗಲಿ ಬೇಡ. ಡಿಸ್ಟಿಲ್ಡ್ ವಾಟರ್ ಅರ್ಧ, ಹೆವಿ ಡ್ಯೂಟಿ ಡೀಸೆಲ್ ಎಂಜಿನ್ನಿಗೆಂದೇ ಬರುವ ಕೂಲೆಂಟ್ ಅರ್ಧ, ಬಕೆಟಿನಲ್ಲಿ ಮೊದಲೇ ಬೆರೆಸಿ ನಿಧಾನವಾಗಿ ಹಾಕಿ. ಥರ್ಮೋಸ್ಟಾಟ್ 83 ಡಿಗ್ರಿ ಸುಮಾರಿಗೆ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಓಡಿಸಿ, ತಣಿದ ಮೇಲೆ ಮಟ್ಟ ಸರಿಮಾಡಿ. ಒಂದು ಬಿಸಿ ಒಂದು ತಣ್ಣಗಾದ ಮೇಲೆ ಎಲ್ಲ ಹೋಸ್ ಕ್ಲಿಪ್ಪುಗಳನ್ನೂ ಅರ್ಧರ್ಧ ಸುತ್ತು ಬಿಗಿಯಿರಿ. ಆಮೇಲೆ ಒಂದು ವಾರ, ದಿನಾ ಬೆಳಗ್ಗೆ ಒಂದೇ ಜಾಗದಲ್ಲಿ, ತಣ್ಣಗಿರುವಾಗ ಮಟ್ಟ ನೋಡಿ ಎಷ್ಟು ಹಾಕಿದಿರಿ ಎಂದು ಮಿಲಿಲೀಟರಿನಲ್ಲಿ ಬರೆದಿಡಿ.

ಇಳಿಸಿದ ಹಳೆಯ ಕೂಲೆಂಟನ್ನು ತೋಟದ ಚರಂಡಿಗೂ ಹಳ್ಳಕ್ಕೂ ಬಿಡಬೇಡಿ. ಸಿಹಿ ರುಚಿಗೆ ದನ, ನಾಯಿ ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದಿಡಿ.