ಓದುಗರ ಪ್ರಶ್ನೆ: ತೆಂಗಿನ ಹಾಲು ಒಡೆಯುವುದೇಕೆ?

ಪ್ರಶ್ನೆ: ಸೀಗಡಿ ಸ್ಟ್ಯೂ ಮಾಡಿದಾಗಲೆಲ್ಲ ತೆಂಗಿನ ಹಾಲು ಒಡೆದು ಎಣ್ಣೆ ತೇಲುತ್ತದೆ. ವಿಡಿಯೊದಲ್ಲಿ ತೋರಿಸಿದಂತೆಯೇ ಚೆನ್ನಾಗಿ ಕುದಿಸುತ್ತೇನೆ. ತಪ್ಪೆಲ್ಲಿ? (ಗಂಗಾವತಿ)

ಉತ್ತರ: ಕುದಿಸುವುದೇ ತಪ್ಪು. ಬಳ್ಳಾರಿಯಿಂದ, ಸಿಂಧನೂರಿನಿಂದ, ಕೊಪ್ಪಳದಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಬಾರಿಯೂ ಯಾವುದೋ ವಿಡಿಯೊದ ಸಾಕ್ಷಿಯೊಂದಿಗೆ. ಆ ವಿಡಿಯೊಗಳಲ್ಲಿ ಹೆಚ್ಚಾಗಿ ಬಳಸುವುದು ಪೊಟ್ಟಣದ ಹಾಲು. ಒಡೆಯದಂತೆ ತಡೆಯುವ ಪದಾರ್ಥಗಳನ್ನು ಅದರಲ್ಲಿ ಸಾಮಾನ್ಯವಾಗಿ ಮೊದಲೇ ಬೆರೆಸಿರುತ್ತಾರೆ. ನೀವು ಕಾಯಿ ತುರಿದು ಹಿಂಡಿದ ಹಾಲಿಗೆ ಆ ರಕ್ಷಣೆ ಇಲ್ಲ. ಅದರಲ್ಲಿ ಎಣ್ಣೆಯ ಹನಿಗಳನ್ನು ನೀರಿನಲ್ಲಿ ಹಿಡಿದಿಡುವುದು ತೆಂಗಿನ ಪ್ರೋಟೀನು. ಕುದಿ ಬಂದರೆ ಮೊಟ್ಟೆಯ ಬಿಳಿಭಾಗದಂತೆ ಅದು ಗಟ್ಟಿಯಾಗುತ್ತದೆ, ಎಣ್ಣೆ ಬಿಟ್ಟುಕೊಳ್ಳುತ್ತದೆ. ಹುಳಿ ಸೇರಿದರೆ ಇನ್ನೂ ಬೇಗ. ಎಲ್ಲ ಸಾರಿಗೂ ಹುಣಸೆಹಣ್ಣು ಹಿಂಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಹುಳಿ ಬೇಕೆಂದವರು ತಟ್ಟೆಯಲ್ಲಿ ನಿಂಬೆ ಹಿಂಡಿಕೊಳ್ಳಲಿ.

ಅರ್ಧ ಕಿಲೊ ಸೀಗಡಿಗೆ ಒಂದು ದೊಡ್ಡ ಬಲಿತ ಕಾಯಿ ಸಾಕು. ಮನೆಯಲ್ಲಿ ಒಣಕೊಬ್ಬರಿ ಇದೆಯೆಂದು ಅದನ್ನೇ ರುಬ್ಬಬೇಡಿ, ಕೆನೆಯಂತಹ ಹಾಲು ಅದರಿಂದ ಬರುವುದಿಲ್ಲ. ತುರಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಅದು ಗಟ್ಟಿ ಹಾಲು, ಬೇರೆ ಇಡಿ. ಅದೇ ಚರಟಕ್ಕೆ ಎರಡು ಲೋಟ ನೀರು ಹಾಕಿ ಮತ್ತೆ ಹಿಂಡಿದರೆ ತೆಳು ಹಾಲು. ಈರುಳ್ಳಿ, ಶುಂಠಿ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು ಬಾಡಿಸಿದ ಮೇಲೆ ತೆಳು ಹಾಲು ಸುರಿಯಿರಿ. ಅದು ಕುದಿಯಲಿ, ಚಿಂತೆಯಿಲ್ಲ. ಒಂದು ಚಮಚ ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕದಡಿ ಹಾಕಿದರೆ ರಸ ಮಂದವಾಗುತ್ತದೆ. ಮೀನಿನ ತುಂಡುಗಳಿದ್ದರೆ ಮೊದಲು ಹಾಕಿ. ಸೀಗಡಿಗೆ ಕೊನೆಯ ಮೂರು ನಾಲ್ಕು ನಿಮಿಷ ಸಾಕು. ಬಾಗಿ ಕೆಂಪಾದರೆ ಬೆಂದಿದೆ, ಸುರುಳಿ ಸುತ್ತಿಕೊಂಡರೆ ರಬ್ಬರಾಗಿದೆ.

ಈಗ ಉರಿ ತಗ್ಗಿಸಿ ಗಟ್ಟಿ ಹಾಲು ಹಾಕಿ. ಫೋನು ಬದಿಗಿಟ್ಟು ಪಾತ್ರೆಯ ಅಂಚನ್ನೇ ನೋಡಿ. ಅಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಏಳತೊಡಗಿ, ನಡುಭಾಗ ಇನ್ನೂ ಅಲುಗದೆ ನಿಂತಿರುವಾಗಲೇ ಒಲೆ ಆರಿಸಿ. ಬಡಿಸುವ ಹೊತ್ತಿಗೆ ಮತ್ತೆ ಕುದಿಸಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಒಡೆದ ಸ್ಟ್ಯೂ ಕೆಟ್ಟದ್ದಲ್ಲ, ಹಾಗೆಯೇ ಊಟ ಮಾಡಿ. ಮೈದಾ ಸುರಿದು ರಿಪೇರಿಗೆ ಹೋಗಬೇಡಿ.

ಪ್ರಶ್ನೆ: ಮೀನಿನ ಜೊತೆ ಹಾಲು ಸೇರಿದರೆ ತೊನ್ನು ಬರುತ್ತದೆಯಂತೆ? (ರಾಯಚೂರು)

ಉತ್ತರ: ಬರುವುದಿಲ್ಲ. ಅದೂ ಅಲ್ಲದೆ, ಇದು ತೆಂಗಿನ ಹಾಲು.

ಪ್ರಶ್ನೆ: ಜಲಾಶಯದ ಕಾಟ್ಲಾದಿಂದ ಮಾಡಬಹುದೇ? (ಮುನಿರಾಬಾದ್)

ಉತ್ತರ: ಧಾರಾಳವಾಗಿ. ಮಕ್ಕಳಿಗೆ ಬಡಿಸುವ ಮುಂಚೆ ಮುಳ್ಳು ತೆಗೆಯಿರಿ.

ಪ್ರಶ್ನೆ: ವಾಸನೆ ಬಂದ ಬಂಗುಡೆಯನ್ನು ಅರಿಶಿನದ ನೀರಿನಲ್ಲಿ ತೊಳೆದರೆ ಸರಿಹೋಗುತ್ತದೆಯೇ? (ಬಳ್ಳಾರಿ)

ಉತ್ತರ: ಇಲ್ಲ. ವಾಸನೆ ಮುಚ್ಚುತ್ತದೆ, ಮೀನು ತಾಜಾ ಆಗುವುದಿಲ್ಲ. ಮಂಜುಗಡ್ಡೆ ಸಾಲದೆ ಕೆಟ್ಟ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಿಷ ಪದಾರ್ಥ ಸೇರಿಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಕರಾವಳಿಯಿಂದ ಇಷ್ಟು ದೂರದ ನಮ್ಮ ಬಿಸಿಲೂರಿನಲ್ಲಿ ಅನುಮಾನ ಬಂದ ಮೀನನ್ನು ನಾನು ಮನೆಯೊಳಗೆ ತರುವುದಿಲ್ಲ.

ಪ್ರಶ್ನೆ: ಸೀಗಡಿ ತಿಂದರೆ ಮಗನ ತುಟಿ ಊದುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಒಗ್ಗುತ್ತದೆ ಎಂದು ನಾಟಿ ವೈದ್ಯರೊಬ್ಬರು ಹೇಳಿದ್ದಾರೆ. (ಮಾನ್ವಿ)

ಉತ್ತರ: ದಯವಿಟ್ಟು ಕೊಡಬೇಡಿ. ಹೀಗೆ ಹೇಳುವವರು ಮಗುವಿನ ಪ್ರಾಣದೊಂದಿಗೆ ಆಟವಾಡುತ್ತಿದ್ದಾರೆ. ಅಲರ್ಜಿ ತರುವ ಪ್ರೋಟೀನು ಬೇಯಿಸಿದರೂ ನಾಶವಾಗುವುದಿಲ್ಲ. ಸೀಗಡಿ ಬೆಂದ ಪಾತ್ರೆಯಿಂದ ರಸ ಮಾತ್ರ ಬಡಿಸುವುದೂ ಬೇಡ, ಅದೇ ಸೌಟೂ ಬೇಡ. ಅಲರ್ಜಿ ತಜ್ಞರಿಗೆ ತೋರಿಸಿ. ಅವರು ಹೇಳುವ ತನಕ ಏಡಿಯನ್ನೂ ದೂರವಿಡಿ. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದು ಹುಡುಕುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.