ಚಳ್ಳಕೆರೆ ಜಮೀನಿನ ಏಕಪಕ್ಷೀಯ ಡಿಕ್ರಿ: ಪ್ರತಿಕ್ರಿಯೆ

ಸಮನ್ಸ್ ನಿಮ್ಮ ಹಳೆಯ ವಿಳಾಸಕ್ಕೇ ಹೋಗಿರಬೇಕು. ದಾವಣಗೆರೆಗೆ ಬಂದ ಮೇಲೆ ಚಳ್ಳಕೆರೆ ಜಮೀನಿನ ದಾವೆಯಲ್ಲಿ ನಿಮಗೆ ಗೊತ್ತಿಲ್ಲದೆ ಏಕಪಕ್ಷೀಯ ಡಿಕ್ರಿ (ನೀವು ಹಾಜರಿಲ್ಲದೆ ಕೊಟ್ಟ ತೀರ್ಮಾನ) ಆಗಿದೆ, ಈಗ ಎಕ್ಸಿಕ್ಯೂಷನ್ ನೋಟಿಸ್, ಅಂದರೆ ಆ ಡಿಕ್ರಿಯನ್ನು ಜಾರಿ ಮಾಡುವ ನೋಟಿಸ್, ಬಂದಿದೆ ಅಂತ ಬರೆದಿದ್ದೀರಿ. ಸಮನ್ಸನ್ನು ಬಾಗಿಲಿಗೆ ಅಂಟಿಸಿದ್ದರೋ, ಪತ್ರಿಕೆಯಲ್ಲಿ ಹಾಕಿಸಿದ್ದರೋ ಫೈಲ್ ನೋಡದೆ ಹೇಳಲಾಗದು.

ಹಾಗಾಗಿ ಮೊದಲು ಕೋರ್ಟಿನ ದಾಖಲೆಗಳಿಗಾಗಿ ನಕಲು ಅರ್ಜಿ ಹಾಕಿ. ಆರ್ಡರ್ ಶೀಟ್ (ಪ್ರತಿ ತಾರೀಕಿನ ಕಲಾಪದ ದಾಖಲೆ), ತೀರ್ಪು, ಡಿಕ್ರಿ, ಮುಖ್ಯವಾಗಿ ಸಮನ್ಸ್ ಮೇಲಿನ ಅಮೀನರ ಷರಾ, ಅಂದರೆ ಸಮನ್ಸ್ ತಲುಪಿಸುವ ಕೋರ್ಟ್ ನೌಕರರ ಟಿಪ್ಪಣಿ, ಬೇಕು. ನಿಮ್ಮ ಕೇಸು ನಿಲ್ಲುವುದೇ ಆ ಷರಾದ ಮೇಲೆ.

ಆಮೇಲೆ ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 13ರ ಅಡಿ ಡಿಕ್ರಿ ರದ್ದು ಕೋರಿ ಅರ್ಜಿ ಹಾಕಬೇಕು. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿ ವಿಷಯ ನಿಮಗೆ ತಿಳಿದ ದಿನದಿಂದ ಲೆಕ್ಕ. ಕೋರ್ಟಿನ ಆದೇಶದಂತೆ ಪತ್ರಿಕೆಯಲ್ಲಿ ಹಾಕಿಸಿದ್ದರೂ, ಈ ಲೆಕ್ಕಕ್ಕೆ ಅದು ಸರಿಯಾದ ಜಾರಿ ಅಲ್ಲ. ಕಾಲಮಿತಿ ಕಾಯ್ದೆಯ 123ನೇ ವಿಧಿಯ ವಿವರಣೆಯಲ್ಲೇ ಹಾಗಿದೆ, ವಾದದಲ್ಲಿ ಇದನ್ನು ಬಿಡಬೇಡಿ. ತಡವಾಗಿದ್ದರೆ, ವಿಳಂಬ ಮನ್ನಿಸಲು ಅದೇ ಕಾಯ್ದೆಯ ಕಲಂ 5ರ ಅರ್ಜಿಯೂ ಜೊತೆಗಿರಲಿ. ಡಿಕ್ರಿ ಜಾರಿಗೆ ತಡೆ ಕೋರಿ ಇನ್ನೊಂದು ಅರ್ಜಿಯನ್ನು ಅದೇ ದಿನ ಕೊಡಿ. ಸುಮ್ನೆ ಕಾದರೆ ಜಮೀನು ಕೈಬಿಟ್ಟು ಹೋಗಬಹುದು.

ಒಂದು ಎಚ್ಚರಿಕೆ. ವಿಚಾರಣೆಯ ತಾರೀಕು ಮೊದಲೇ ನಿಮ್ಮ ಕಿವಿಗೆ ಬಿದ್ದಿದ್ದು, ಹಾಜರಾಗಲು ಸಮಯವೂ ಇದ್ದಿದ್ದರೆ, ಸಮನ್ಸ್ ಜಾರಿಯ ಲೋಪವೊಂದರಿಂದಲೇ ಡಿಕ್ರಿ ರದ್ದಾಗುವುದಿಲ್ಲ. ಇದನ್ನು ವಕೀಲರಿಗೆ ಮುಚ್ಚಿಡಬೇಡಿ, ಪ್ರಮಾಣಪತ್ರದಲ್ಲಿ ಸುಳ್ಳು ಬರೆಸಬೇಡಿ.

ಅಪೀಲಿಗೂ ದಾರಿ ಇದೆ. ಆದರೆ ಅಪೀಲು ತೀರ್ಮಾನವಾದರೆ ಸಾಮಾನ್ಯವಾಗಿ ನಿಯಮ 13ರ ಅರ್ಜಿಯ ಬಾಗಿಲು ಮುಚ್ಚುತ್ತದೆ. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಮೊದಲು ಈ ಅರ್ಜಿಯನ್ನೇ ಹಾಕುತ್ತಿದ್ದೆ. ನೋಟಿಸ್ ಬಂದ ಲಕೋಟೆ, ದಾವಣಗೆರೆಯ ಬಾಡಿಗೆ ಕರಾರು ಎತ್ತಿಟ್ಟುಕೊಳ್ಳಿ. ನೋಟಿಸಿನಲ್ಲಿರುವ ತಾರೀಕಿಗೆ ವಕಾಲತ್ತು (ವಕೀಲರಿಗೆ ಕೊಡುವ ಅಧಿಕಾರಪತ್ರ) ಹಾಕಿಸಿಬಿಡಿ.