ಅರ್ತ್‌ಬೌಂಡ್ ಕಾರ್ಟ್ರಿಜ್ ಕೊಳ್ಳಬಹುದೇ?

ಪ್ರಶ್ನೆ: ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ‘ಅರ್ತ್‌ಬೌಂಡ್’ ಎಂಬ ಹಳೆಯ ವಿಡಿಯೊ ಗೇಮಿನ ಅಮೆರಿಕನ್ ಕಾರ್ಟ್ರಿಜ್ (ಆಟವನ್ನು ಅಡಗಿಸಿಕೊಂಡ, ಯಂತ್ರಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ) ಪೆಟ್ಟಿಗೆಯಿಲ್ಲದೆ ಮಾರಾಟಕ್ಕಿದೆ. ಬೆಲೆ ವಿಪರೀತ. ಅದಕ್ಕೇಕೆ ಇಷ್ಟು ಬೇಡಿಕೆ? ಕೊಳ್ಳಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಶಿಗೆಸಾತೊ ಇತೊಯಿ ರೂಪಿಸಿದ ಈ ಆಟ 1994ರಲ್ಲಿ ಜಪಾನಿನಲ್ಲಿ ‘ಮದರ್ 2’ ಎಂಬ ಹೆಸರಿನಲ್ಲಿ ಬಂತು, ಮುಂದೆ ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಅಧ್ಯಕ್ಷರಾದ ಸತೊರು ಇವಾತ ಅದರ ಪ್ರೋಗ್ರಾಮಿಂಗ್‌ಗೆ ಹೆಗಲು ಕೊಟ್ಟಿದ್ದರು. ಖಡ್ಗ, ಕೋಟೆಗಳ ಬದಲು ಸಾಧಾರಣ ಊರಿನ ಹುಡುಗನೊಬ್ಬ ಬೇಸ್‌ಬಾಲ್ ಬ್ಯಾಟ್ ಹಿಡಿದು ಹೊರಡುವ, ಅಪ್ಪ ಫೋನಿನಲ್ಲಷ್ಟೇ ಮಾತಿಗೆ ಸಿಗುವ ಈ ಕಥೆಯ ಆರ್ದ್ರತೆಗೆ ಸಮನಾದುದು ಆ ಕಾಲದ ಆಟಗಳಲ್ಲಿ ವಿರಳವೆಂದೇ ನನ್ನ ಅಭಿಪ್ರಾಯ. ಆದರೂ 1995ರಲ್ಲಿ ಅಮೆರಿಕದಲ್ಲಿ ಅದು ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಯುರೋಪಿನಲ್ಲಿ ಆಗ ಬಿಡುಗಡೆಯೇ ಆಗಲಿಲ್ಲ. ಅಭಿಮಾನಿಗಳು ಬೆಳೆದದ್ದು ಅನಂತರ.

ಸಂಗ್ರಾಹಕರು ಹೆಚ್ಚು ಹಣ ತೆರುವುದು ಮಾರ್ಗದರ್ಶಿ ಪುಸ್ತಕ ಮತ್ತು ಅದರೊಳಗಿನ ಉಜ್ಜಿ ಮೂಸುವ ಕಾರ್ಡುಗಳ ಸಮೇತ ಉಳಿದಿರುವ ದೊಡ್ಡ ಪೆಟ್ಟಿಗೆಗೆ. ಬರಿಯ ಕಾರ್ಟ್ರಿಜ್‌ಗಳಲ್ಲಿ ನಕಲಿಗಳು ಬಹಳ. ಆದ್ದರಿಂದ ಮಾರುವವರು ಅದನ್ನು ಬಿಚ್ಚಿ, ಒಳಗಿನ ಬೋರ್ಡಿನ ಮೇಲೆ ನಿಂಟೆಂಡೊ ಹೆಸರಿನ ಮುದ್ರೆಯನ್ನು ತೋರಿಸಲೊಪ್ಪದಿದ್ದರೆ ದಯವಿಟ್ಟು ಕೊಳ್ಳಬೇಡಿ. ಆಟದ ಪ್ರಗತಿಯನ್ನು ಉಳಿಸಿಡುವ ಬ್ಯಾಟರಿಯೂ ಇಷ್ಟರಲ್ಲಿ ಕ್ಷೀಣಿಸಿರಬಹುದು. ಅದನ್ನು ಬೆಸುಗೆ ಹಾಕಿ ಬದಲಿಸಬಹುದು. ಈ ಕಾರ್ಟ್ರಿಜ್ ಸಿಕ್ಕಿಸಿ ಆಡುವ ಯಂತ್ರದ, ಅಂದರೆ ಅಮೆರಿಕದ ಕನ್ಸೋಲಿನ, ಅಡಾಪ್ಟರ್ 120 ವೋಲ್ಟಿನದು, ನಮ್ಮ ಮನೆಗಳ 230 ವೋಲ್ಟಿಗೆ ಅದನ್ನು ನೇರವಾಗಿ ಜೋಡಿಸಬಾರದು.